ಒಬ್ಬರೇ ಟಿಟಿ ಅಭ್ಯಾಸ ಮಾಡಲು ಮನೆಯಲ್ಲೇ ಮಾಡಿಕೊಳ್ಳುವ ಸಲಕರಣೆಗಳು

ಟೇಬಲ್ ಟೆನಿಸ್‌ನಲ್ಲಿ ಜೊತೆಗಾರರು ಸಿಗುವುದೇ ದೊಡ್ಡ ಸಮಸ್ಯೆ. ನನ್ನದು ರಾತ್ರಿ ಪಾಳಿಯ ಕೆಲಸ. ನನಗೆ ಬಿಡುವಾಗುವ ಹೊತ್ತಿಗೆ ಆಡುವವರೆಲ್ಲ ತಂತಮ್ಮ ಕೆಲಸಕ್ಕೆ ಹೋಗಿರುತ್ತಾರೆ. ಹಾಗಾಗಿ ನನ್ನ ಅಭ್ಯಾಸ ಬಹುಪಾಲು ಒಬ್ಬಳದ್ದೇ. ಅದಕ್ಕೆ ಬೇಕಾದ ಸಲಕರಣೆಗಳನ್ನೂ ಗರಗಸ, ಡ್ರಿಲ್ ಹಿಡಿದು ನಾನೇ ಮಾಡಿಕೊಂಡಿದ್ದೇನೆ. ದೊಡ್ಡ ಬಡಗಿ ಕೆಲಸವೇನೂ ಗೊತ್ತಿರಬೇಕಿಲ್ಲ. ಅಳತೆ ಸರಿಯಾಗಿ ತೆಗೆದರೆ ಸಾಕು.

ಒಬ್ಬರೇ ಅಭ್ಯಾಸ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಚೆಂಡು ಎಸೆಯುವ ಯಂತ್ರ. ನನ್ನ ಪ್ರಕಾರ ಅದನ್ನು ಎಲ್ಲಕ್ಕಿಂತ ಕೊನೆಗೆ ಮಾಡಬೇಕು. ಯಂತ್ರ ಚೆಂಡು ಕೊಡುತ್ತದೆ, ಆದರೆ ನೀವು ಹೊಡೆದದ್ದು ಹೇಗಿತ್ತು ಅಂತ ಹೇಳುವುದಿಲ್ಲ. ಎದುರಿಗೆ ಯಾರಾದರೂ ಇದ್ದರೆ ನಮ್ಮ ಸ್ಪಿನ್ (ಚೆಂಡಿಗೆ ಕೊಟ್ಟ ತಿರುಗುವಿಕೆ) ಎಷ್ಟಿತ್ತು, ಚೆಂಡು ಎಷ್ಟು ಎತ್ತರ ಹೋಯಿತು ಅನ್ನುವುದು ಅವರ ಹೊಡೆತದಲ್ಲೇ ಗೊತ್ತಾಗುತ್ತದೆ. ಒಬ್ಬರೇ ಇರುವಾಗ ಆ ಕೆಲಸವನ್ನು ಸಲಕರಣೆ ಮಾಡಬೇಕು. ಹಾಗಾಗಿ ಏನೇ ಮಾಡಲು ಹೊರಟರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನನ್ನ ಹೊಡೆತದ ಬಗ್ಗೆ ಇದು ನನಗೆ ಏನು ತಿಳಿಸುತ್ತದೆ? ಕೆಳಗಿನ ಸಾಲು ಆ ಲೆಕ್ಕದಲ್ಲೇ ಇದೆ.

ಶುರು ಮಾಡುವ ಮುಂಚೆ ಕೆಲವು ಅಳತೆಗಳು ಕೈಯಲ್ಲಿರಲಿ. ಟೇಬಲ್ 2.74 ಮೀಟರ್ ಉದ್ದ, 1.525 ಮೀಟರ್ ಅಗಲ, ನೆಲದಿಂದ 76 ಸೆಂ.ಮೀ. ಎತ್ತರ. ನೆಟ್ 15.25 ಸೆಂ.ಮೀ. ಎತ್ತರ. ಚೆಂಡಿನ ಅಗಲ 40 ಮಿ.ಮೀ., ತೂಕ 2.7 ಗ್ರಾಂ. 30 ಸೆಂ.ಮೀ. ಎತ್ತರದಿಂದ ಚೆಂಡನ್ನು ಬಿಟ್ಟರೆ ಅದು ಸುಮಾರು 23 ಸೆಂ.ಮೀ. ಪುಟಿಯಬೇಕು. ಇದು ಟೇಬಲ್‌ಗೆ ಇರುವ ನಿಯಮ. ನಿಮ್ಮದು ಪ್ಲೈವುಡ್ ಹಲಗೆಯ ಟೇಬಲ್ ಆಗಿದ್ದರೆ ಒಂದು ಸ್ಕೇಲನ್ನು ನಿಲ್ಲಿಸಿಕೊಂಡು ನಾಲ್ಕು ಮೂಲೆಯಲ್ಲೂ ನಡುವೆಯೂ ಹೀಗೆ ಬಿಟ್ಟು ನೋಡಿ. ಒಂದು ಜಾಗದಲ್ಲಿ ಮಾತ್ರ ಕಡಿಮೆ ಪುಟಿದರೆ ಅಲ್ಲಿ ಹಲಗೆಯ ಕೆಳಗೆ ಆಸರೆ ಸಾಲದು ಅಂತ ಅರ್ಥ. ಅಡಿಗೆ ಒಂದು ಮರದ ಪಟ್ಟಿ ಕೊಡಿ.

ಮೊದಲು ಬಲೆ

ಟೇಬಲ್‌ನ ಆಚೆ ಚೆಂಡು ಹಿಡಿಯುವ ಬಲೆ ಇಲ್ಲದೆ ಒಬ್ಬರೇ ಆಡಲು ಹೊರಟರೆ ಅಭ್ಯಾಸಕ್ಕಿಂತ ಚೆಂಡು ಹೆಕ್ಕುವುದೇ ಜಾಸ್ತಿ ಆಗುತ್ತದೆ. ಅದರಿಂದ ಸುಸ್ತಾಗುವುದು ಒಂದು ಕಡೆ. ಒಂದೇ ಹೊಡೆತವನ್ನು ಬೆನ್ನುಬೆನ್ನಿಗೆ ಹೊಡೆದಾಗ ಕೈಗೆ ಸಿಗುವ ಲಯ ತಪ್ಪಿಹೋಗುವುದು ಇನ್ನೊಂದು ಕಡೆ. ಹಾಗಾಗಿ ಇದೇ ಮೊದಲ ಕೆಲಸ.

25 ಮಿ.ಮೀ. ಪಿವಿಸಿ ಪೈಪ್ ಸಾಕು. 1.8 ಮೀಟರ್‌ನ ಎರಡು ಕಂಬ, ಮೇಲೆ 1.7 ಮೀಟರ್‌ನ ಒಂದು ಅಡ್ಡ ಪೈಪ್, ಮೂಲೆಗಳಿಗೆ ಎರಡು ಎಲ್ಬೋ ಜೋಡಣೆ. ಪ್ರತಿ ಕಂಬದ ಬುಡಕ್ಕೆ T ಆಕಾರದ ಒಂದು ಪೈಪ್ ಜೋಡಣೆ ಹಾಕಿ, ಅದರ ಎರಡೂ ಕಡೆ 40 ಸೆಂ.ಮೀ. ಪೈಪ್ ತುಂಡು ಕೂರಿಸಿದರೆ ಕಾಲು ಆಯಿತು. ಕೀಲುಗಳಿಗೆ ಅಂಟು ಹಾಕಬೇಡಿ, ಬಿಗಿಯಾಗಿ ಒತ್ತಿದರೆ ನಿಲ್ಲುತ್ತದೆ. ಆಟ ಮುಗಿದ ಮೇಲೆ ಬಿಚ್ಚಿ ಮೂಲೆಗೆ ಒರಗಿಸಬಹುದು.

ಈ ಚೌಕಟ್ಟಿಗೆ ಹಳೆಯ ಸೊಳ್ಳೆ ಪರದೆ ಕಟ್ಟಿ. ಇಲ್ಲಿ ಒಂದು ಗುಟ್ಟಿದೆ. ಪರದೆಯನ್ನು ಎಳೆದು ಬಿಗಿಯಾಗಿ ಕಟ್ಟಿದರೆ ಚೆಂಡು ಅದಕ್ಕೆ ತಾಗಿ ವಾಪಸ್ ಚಿಮ್ಮುತ್ತದೆ. ಸಡಿಲವಾಗಿ, ಮಡಿಕೆ ಬೀಳುವ ಹಾಗೆ ಬಿಟ್ಟರೆ ಚೆಂಡಿನ ವೇಗವನ್ನೆಲ್ಲ ಬಟ್ಟೆಯೇ ನುಂಗಿಬಿಡುತ್ತದೆ, ಚೆಂಡು ಅಲ್ಲೇ ಕೆಳಗೆ ಬೀಳುತ್ತದೆ. ಪರದೆಯ ಕೆಳ ಅಂಚನ್ನು ಟೇಬಲ್‌ನ ಆಚೆ ತುದಿಗೆ ಬಟ್ಟೆ ಕ್ಲಿಪ್‌ಗಳಿಂದ ಸಿಕ್ಕಿಸಿ. ಆಗ ಟೇಬಲ್‌ಗೂ ಚೌಕಟ್ಟಿಗೂ ನಡುವೆ ಜೋಳಿಗೆಯ ಹಾಗೆ ಇಳಿಬೀಳುತ್ತದೆ, ಚೆಂಡುಗಳೆಲ್ಲ ಅಲ್ಲೇ ಬಂದು ಸೇರುತ್ತವೆ.

ಚೆಂಡು ಕಡಿಮೆ ಅಂದರೂ 50 ಇರಲಿ. ಐವತ್ತೂ ಸೇರಿ 135 ಗ್ರಾಂ ಅಷ್ಟೇ, ಜೋಳಿಗೆಗೆ ಅದೇನೂ ಭಾರವಲ್ಲ. ದುಬಾರಿ ಚೆಂಡು ಬೇಡ, ಆದರೆ ಎಲ್ಲವೂ ಒಂದೇ ಬಗೆಯವಾಗಿರಲಿ. ನಾಲ್ಕು ಥರದ್ದು ಬೆರೆಸಿಕೊಂಡರೆ ಒಂದೊಂದು ಒಂದೊಂದು ಎತ್ತರಕ್ಕೆ ಪುಟಿಯುತ್ತದೆ. ಹೊಡೆತ ತಪ್ಪಿದ್ದು ನಿಮ್ಮಿಂದಲೋ ಚೆಂಡಿನಿಂದಲೋ ಗೊತ್ತಾಗುವುದಿಲ್ಲ.

ಸರ್ವಿಸ್‌ಗೆ ಒಂದು ದಾರ, ಒಂದು ಗೆರೆ

ಸರ್ವಿಸ್ ಒಂದೇ ಪೂರ್ತಿಯಾಗಿ ನಮ್ಮ ಕೈಯಲ್ಲಿರುವ ಹೊಡೆತ. ಅದಕ್ಕೆ ಜೊತೆಗಾರರೇ ಬೇಕಿಲ್ಲ. ಆದರೂ ಒಬ್ಬರೇ ಇರುವಾಗ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಸರ್ವಿಸ್ ಅಭ್ಯಾಸಕ್ಕೆ ಬೇಕಾದ ಸಾಮಾನು ಅರ್ಧ ಗಂಟೆಯಲ್ಲಿ ಸಿದ್ಧವಾಗುತ್ತದೆ.

ನೆಟ್‌ನ ಎರಡೂ ಕಂಬಗಳಿಗೆ ಒಂದೊಂದು ತೆಳು ಕೋಲನ್ನು ನೆಟ್ಟಗೆ ಕಟ್ಟಿ. ನೆಟ್‌ನ ಮೇಲಂಚಿನಿಂದ 15 ಸೆಂ.ಮೀ. ಎತ್ತರದಲ್ಲಿ ಅಡ್ಡಲಾಗಿ ದಾರ ಬಿಗಿಯಿರಿ. ದಾರಕ್ಕೆ ಅಲ್ಲಲ್ಲಿ ಸಣ್ಣ ಕಾಗದದ ಪಟ್ಟಿಗಳನ್ನು ಅಂಟಿಸಿ. ಚೆಂಡು ದಾರಕ್ಕೂ ನೆಟ್‌ಗೂ ನಡುವೆ ಹೋಗಬೇಕು. ಮೇಲೆ ತಾಗಿದರೆ ಕಾಗದ ಅಲ್ಲಾಡಿ ತೋರಿಸಿಬಿಡುತ್ತದೆ, ಅನುಮಾನಕ್ಕೆ ಜಾಗವೇ ಇಲ್ಲ. 15 ಸೆಂ.ಮೀ. ಸುಲಭವಾದ ಮೇಲೆ 10ಕ್ಕೆ ಇಳಿಸಿ, ಆಮೇಲೆ 7ಕ್ಕೆ. ಚೆಂಡೇ 4 ಸೆಂ.ಮೀ. ಇರುವಾಗ 7 ಅಂದರೆ ಎಷ್ಟು ಕಿರಿದು ಅಂತ ಹೊಡೆದು ನೋಡಿದಾಗಲೇ ತಿಳಿಯುವುದು.

ಆಚೆ ಕಡೆ ಗುರಿಗೆ ಎ4 ಕಾಗದಗಳನ್ನು ಅಂಟಿಸಿ. ಶಾರ್ಟ್ ಸರ್ವ್ ಮಾಡುವಾಗ ಮೊದಲ ಪುಟಿತ ಕಾಗದದ ಮೇಲೆ ಬಿತ್ತು ಅಂತ ಖುಷಿಪಟ್ಟರೆ ಸಾಲದು. ಸುಮ್ನೆ ಬಿಟ್ಟರೆ ಎರಡನೆಯ ಪುಟಿತವೂ ಟೇಬಲ್ ಮೇಲೇ ಬೀಳಬೇಕು. ಅಲ್ಲಿಯವರೆಗೆ ಅದು ಶಾರ್ಟ್ ಅಲ್ಲ. ಬ್ಯಾಕ್‌ಸ್ಪಿನ್, ಅಂದರೆ ಚೆಂಡು ಹಿಮ್ಮುಖವಾಗಿ ತಿರುಗುವುದು, ಎಷ್ಟಿದೆ ಅಂತ ನೋಡಲೂ ಇದೇ ಜಾಗ ಸರಿ. ಚೆಂಡು ಆಚೆ ಪುಟಿದು ನಿಧಾನವಾಗಿ ನೆಟ್ ಕಡೆಗೆ ವಾಪಸ್ ಉರುಳಿದರೆ ಸ್ಪಿನ್ ಚೆನ್ನಾಗಿದೆ. ಮುಂದಕ್ಕೇ ಉರುಳಿಕೊಂಡು ಹೋದರೆ ಇನ್ನೂ ತೆಳ್ಳಗೆ, ಚೆಂಡಿನ ಅಡಿಯನ್ನು ಸವರಬೇಕು.

ಇನ್ನು ಗೆರೆ. ಹತ್ತು ಚೆಂಡು ತೆಗೆದುಕೊಂಡು, ನಡುವಿನ ಬೆಸುಗೆ ಗೆರೆಯ ಗುಂಟ ಕಪ್ಪು ಮಾರ್ಕರ್‌ನಿಂದ ದಪ್ಪನೆ ಸುತ್ತು ಬರೆಯಿರಿ. ಬೆಸುಗೆ ಕಾಣದ ಚೆಂಡಾದರೆ ಅಂದಾಜಿನಲ್ಲಿ ನಡುವೆ ಎಳೆದರೂ ಆಯಿತು. ಸರ್ವಿಸ್‌ಗೆ ಮುಂಚೆ ಆ ಗೆರೆಯನ್ನು ನೆಟ್ ಕಡೆ ನೆಟ್ಟಗೆ ತಿರುಗಿಸಿ ಅಂಗೈ ಮೇಲಿಡಿ. ಬರೀ ಬ್ಯಾಕ್‌ಸ್ಪಿನ್ ಬಿದ್ದಿದ್ದರೆ ಚೆಂಡು ಹೋಗುವಾಗ ಗೆರೆ ಗೆರೆಯಾಗಿಯೇ ಕಾಣುತ್ತದೆ. ಪಕ್ಕಕ್ಕೆ ತಿರುಗುವ ಸೈಡ್‌ಸ್ಪಿನ್ ಸೇರಿಕೊಂಡಿದ್ದರೆ ಗೆರೆ ತೂಗಾಡಿ ಚೆಂಡೆಲ್ಲ ಬೂದು ಬಣ್ಣವಾಗಿ ಕಾಣುತ್ತದೆ. ಕಣ್ಣಿಗೆ ಸರಿಯಾಗಿ ಸಿಗದಿದ್ದರೆ ಫೋನನ್ನು ಟೇಬಲ್ ಪಕ್ಕದಲ್ಲಿಟ್ಟು ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಅಂಗೈ ಬಿಚ್ಚಿದೆಯೇ, ಚೆಂಡನ್ನು ನಿಯಮದಂತೆ 16 ಸೆಂ.ಮೀ. ಆದರೂ ಮೇಲಕ್ಕೆ ಎಸೆದಿದ್ದೀರಾ ಅನ್ನುವುದೂ ಅದರಲ್ಲೇ ಕಾಣುತ್ತದೆ. 16 ಸೆಂ.ಮೀ. ಅಂದರೆ ನೆಟ್‌ನ ಎತ್ತರಕ್ಕಿಂತ ಒಂದು ಚೂರು ಜಾಸ್ತಿ.

ಸೈಕಲ್ ಕಡ್ಡಿಯ ಮೇಲೆ ತಿರುಗುವ ಚೆಂಡು

ಟಾಪ್‌ಸ್ಪಿನ್ ಲೂಪ್, ಅಂದರೆ ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಸವರಿ ಮುಂದಕ್ಕೆ ತಿರುಗಿಸುವ ಹೊಡೆತ, ಕಲಿಯುವವರಿಗೆ ಎಲ್ಲರೂ ಹೇಳುವ ಮಾತು: "ಹೊಡೀಬೇಡ, ಸವರು." ಕೇಳಿದರೆ ಅರ್ಥವಾಗುತ್ತದೆ, ಕೈಗೆ ಮಾತ್ರ ಬರುವುದಿಲ್ಲ. ನನಗೆ ಅದನ್ನು ಕಲಿಸಿದ್ದು ಈ ಪುಟ್ಟ ಸಾಧನ. ನಾನು ಮಾಡಿಕೊಂಡಿರುವುದರಲ್ಲಿ ಅತ್ಯಂತ ಚಿಕ್ಕದು, ನನಗೆ ಅತ್ಯಂತ ಇಷ್ಟವಾದದ್ದು.

ಚೆಂಡಿನ ಎರಡು ತುದಿಗಳಲ್ಲಿ ತೂತು ಮಾಡಿ, ಅದನ್ನು ಒಂದು ಕಡ್ಡಿಗೆ ಪೋಣಿಸಿ, ಸಲೀಸಾಗಿ ತಿರುಗುವ ಹಾಗೆ ಮಾಡಬೇಕು. ಎರಡು ತೂತೂ ಸರಿಯಾಗಿ ಎದುರುಬದುರು ಇರಬೇಕು, ಇಲ್ಲದಿದ್ದರೆ ಚೆಂಡು ಕುಂಟುತ್ತದೆ. 40 ಮಿ.ಮೀ. ಚೆಂಡಿನ ಸುತ್ತಳತೆ ಸುಮಾರು 126 ಮಿ.ಮೀ. ಅಷ್ಟು ಉದ್ದದ ತೆಳು ಕಾಗದದ ಪಟ್ಟಿ ಕತ್ತರಿಸಿ, ಸರಿಯಾಗಿ ನಡುವೆ, ಅಂದರೆ 63 ಮಿ.ಮೀ.ಗೆ, ಗುರುತು ಮಾಡಿ. ಪಟ್ಟಿಯನ್ನು ಚೆಂಡಿನ ನಡು ಸುತ್ತಳತೆಗೆ ಸುತ್ತಿದರೆ ಅದರ ತುದಿಗಳು ಕೂಡುವ ಜಾಗ ಒಂದು ತೂತು, ನಡು ಗುರುತಿನ ಜಾಗ ಇನ್ನೊಂದು ತೂತು. ಮೊದಲ ಗುರುತಿನಿಂದಲೇ ಪಟ್ಟಿಯನ್ನು ಅಡ್ಡ ತಿರುಗಿಸಿ ಇನ್ನೊಮ್ಮೆ ಸುತ್ತಿ. ನಡು ಗುರುತು ಮತ್ತೆ ಅಲ್ಲೇ ಬಿದ್ದರೆ ನಿಮ್ಮ ಲೆಕ್ಕ ಸರಿ.

ತೂತನ್ನು 2.5 ಮಿ.ಮೀ. ಡ್ರಿಲ್ ಬಿಟ್ ಅನ್ನು ಕೈಯಲ್ಲೇ ಹಿಡಿದು ತಿರುಗಿಸಿ ಮಾಡಿ. ದಬ್ಬಣ ಕಾಯಿಸಿ ಚುಚ್ಚುವ ಯೋಚನೆ ಖಂಡಿತ ಬೇಡ. 2014ಕ್ಕೆ ಮುಂಚಿನ ಚೆಂಡುಗಳು ಸೆಲ್ಯುಲಾಯ್ಡ್‌ನವು, ಬೆಂಕಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತವೆ. ಮನೆಯಲ್ಲಿರುವ ಹಳೇ ಚೆಂಡು ಯಾವುದು ಅಂತ ನೋಡಿ ಹೇಳುವುದು ಕಷ್ಟ.

ಕಡ್ಡಿಗೆ ಸೈಕಲ್ ಚಕ್ರದ ಕಡ್ಡಿಯೇ ಸರಿ. ಸಾಮಾನ್ಯವಾಗಿ 2 ಮಿ.ಮೀ. ದಪ್ಪ ಇರುತ್ತದೆ. ಅದರ ಒಂದು ತುದಿಯಲ್ಲಿ ತಿರುಪಿನ ಸುತ್ತುಗಳಿವೆ, ಅದಕ್ಕೆ ನಿಪ್ಪಲ್ ಅನ್ನುವ ಪುಟ್ಟ ನಟ್ ಬರುತ್ತದೆ. ಅದೇ ಚೆಂಡು ಹೊರಗೆ ಜಾರದ ಹಾಗೆ ತಡೆಯುತ್ತದೆ. ನಿಪ್ಪಲ್‌ಗೂ ಚೆಂಡಿಗೂ ನಡುವೆ ಒಂದು ಗಾಜಿನ ಮಣಿ ಹಾಕಿ, ಒಳಗಡೆಗೂ ಒಂದು ಮಣಿ ಹಾಕಿ. ಒಳಮಣಿ ಸರಿಯದ ಹಾಗೆ ವಿದ್ಯುತ್ ತಂತಿಯ ಪ್ಲಾಸ್ಟಿಕ್ ಹೊದಿಕೆಯ ಒಂದು ತುಂಡನ್ನು ಬಿಗಿಯಾಗಿ ತೂರಿಸಿ. ಹೊರಗಿನ ನಿಪ್ಪಲ್ ಮೇಲೆ ಟೇಪ್ ಸುತ್ತುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬ್ಯಾಟ್‌ನ ರಬ್ಬರ್ ಹರಿಯುತ್ತದೆ.

ಕಡ್ಡಿಯ ಬಾಗಿದ ತುದಿಯನ್ನು ಬಳುಕುವ ಒಂದು ಕೋಲಿಗೆ ದಾರ ಸುತ್ತಿ, ಎಪಾಕ್ಸಿ ಅಂಟು ಹಾಕಿ ಕೂರಿಸಿ. ಟೆಂಟ್‌ನ ಫೈಬರ್ ಕೋಲು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಕೋಲನ್ನು ಟೇಬಲ್ ಅಂಚಿಗೆ ಕ್ಲಾಂಪ್‌ನಿಂದ ನಿಲ್ಲಿಸಿ. ಕಡ್ಡಿ ಅಡ್ಡಲಾಗಿ, ಟೇಬಲ್‌ನ ಹಿಂದಂಚಿಗೆ ಸಮಾನಾಂತರವಾಗಿ ಚಾಚಿರಬೇಕು. ಚೆಂಡು ನಿಮ್ಮ ಸೊಂಟದ ಮಟ್ಟದಲ್ಲಿರಲಿ.

ಈಗ ಲೂಪ್ ಹೊಡೆಯಿರಿ. ಚೆಂಡಿನ ಚರ್ಮವನ್ನಷ್ಟೇ ಸವರಿದರೆ ಚೆಂಡು "ಸರ್ರ್" ಅಂತ ತಿರುಗುತ್ತದೆ, ಕೋಲು ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುತ್ತದೆ. ಬ್ಯಾಟ್ ಚೆಂಡಿಗೆ ಗುದ್ದಿದರೆ "ಟಕ್" ಅಂತ ಸದ್ದು ಬರುತ್ತದೆ, ಕೋಲು ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ, ಚೆಂಡು ಮಾತ್ರ ಎರಡು ಸುತ್ತು ತಿರುಗಿ ನಿಲ್ಲುತ್ತದೆ. ಕಣ್ಣು ಮುಚ್ಚಿಕೊಂಡರೂ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲು ನಿಧಾನಕ್ಕೆ, ಮುಂದೋಳಿನಿಂದ ಮಾತ್ರ ಮಾಡಿ. ಸದ್ದು ಹದಕ್ಕೆ ಬಂದ ಮೇಲೆ ಸೊಂಟ, ಮೊಣಕಾಲುಗಳನ್ನು ಸೇರಿಸಿ. ಚೆಂಡಿನ ಅಡಿಯನ್ನು ಸವರಿ ಮೆಲ್ಲಗೆ ತಳ್ಳುವ ಬ್ಯಾಕ್‌ಸ್ಪಿನ್ ಪುಶ್‌ಗೂ ಇದೇ ಚೆಂಡು ಆಗುತ್ತದೆ, ಸವರುವ ದಿಕ್ಕು ಮಾತ್ರ ಕೆಳಗೆ.

ಸೈಕಲ್ ಚಕ್ರವನ್ನೇ ಫೋರ್ಕ್ ಸಮೇತ ಕಟ್ಟಿ, ಟೈರನ್ನು ಸವರುವವರೂ ಇದ್ದಾರೆ. ತೋಳು ಹೋಗುವ ದಾರಿಯನ್ನು ಅಭ್ಯಾಸ ಮಾಡಲು ಅದು ಪರವಾಗಿಲ್ಲ. ಆದರೆ ಟೈರು ರಬ್ಬರನ್ನು ಬೇಗ ಸವೆಸುತ್ತದೆ, ಹಳೇ ಬ್ಯಾಟ್ ಇದ್ದರೆ ಮಾತ್ರ ಮಾಡಿ.

ಚೆಂಡನ್ನು ವಾಪಸ್ ಕೊಡುವ ಹಲಗೆ

ಒಂದೇ ಒಂದು ಸಲಕರಣೆ ಮಾಡಲು ನಿಮಗೆ ಪುರಸೊತ್ತು ಇದೆ ಅಂದರೆ ಇದನ್ನು ಮಾಡಿ. ಟೇಬಲ್‌ನ ಆಚೆ ತುದಿಯಲ್ಲಿ ನಿಲ್ಲಿಸಿದ ಹಲಗೆ, ಅದರ ಮೇಲೆ ಬ್ಯಾಟ್‌ನ ರಬ್ಬರ್. ನೀವು ಹೊಡೆದ ಚೆಂಡು ಆಚೆ ಪುಟಿದು, ಹಲಗೆಗೆ ತಾಗಿ, ನೆಟ್ ದಾಟಿ ವಾಪಸ್ ಬರುತ್ತದೆ.

ರಬ್ಬರ್ ಯಾಕೆ, ಬರೀ ಹಲಗೆ ಸಾಲದೇ ಅಂತ ಕೇಳಬಹುದು. ಎರಡಕ್ಕೂ ತುಂಬ ವ್ಯತ್ಯಾಸ ಇದೆ. ಟಾಪ್‌ಸ್ಪಿನ್ ಚೆಂಡು ಹಲಗೆಗೆ ತಾಗುವಾಗ ಅದರ ಮುಂಭಾಗ ಕೆಳಕ್ಕೆ ತಿರುಗುತ್ತಿರುತ್ತದೆ. ಹಿಡಿತವಿರುವ ರಬ್ಬರ್ ಅದನ್ನು ತಡೆದು ಮೇಲಕ್ಕೆ ತಳ್ಳುತ್ತದೆ, ಹಾಗಾಗಿ ಚೆಂಡು ಮೇಲಕ್ಕೆ ಹಾರುತ್ತದೆ. ಬ್ಯಾಕ್‌ಸ್ಪಿನ್ ಚೆಂಡಿಗೆ ಇದು ಉಲ್ಟಾ, ಅದು ಕೆಳಗೆ ಇಳಿದು ನೆಟ್‌ಗೆ ಬೀಳುತ್ತದೆ. ನಿಜವಾದ ಎದುರಾಳಿಯ ಬ್ಯಾಟ್ ಅಲ್ಲಾಡದೆ ನಿಂತಿದ್ದರೆ ಹೀಗೇ ಆಗುವುದು, ಅಲ್ವಾ? ನುಣುಪಾದ ಹಲಗೆಯಲ್ಲಿ ಈ ಹಿಡಿತ ಇಲ್ಲ. ಚೆಂಡು ತಿರುಗುವ ದಿಕ್ಕು ಹೆಚ್ಚುಕಡಿಮೆ ಹಾಗೇ ಉಳಿದು, ಚೆಂಡು ಮಾತ್ರ ಹಿಂದಕ್ಕೆ ಬರುತ್ತದೆ. ಹೋಗುವಾಗ ಟಾಪ್‌ಸ್ಪಿನ್ ಆಗಿದ್ದದ್ದು ಬರುವಾಗ ನಮಗೆ ಮೆತ್ತನೆಯ ಬ್ಯಾಕ್‌ಸ್ಪಿನ್ ಆಗುತ್ತದೆ. ಲಾಂಗ್ ಪಿಂಪಲ್ (ಮೇಲೆ ಉದ್ದನೆಯ ಗುಬುಟುಗಳಿರುವ) ರಬ್ಬರ್ ಹಾಕಿದವರ ಜೊತೆ ಆಡಿದವರಿಗೆ ಈ ಅನುಭವ ಇದ್ದೇ ಇರುತ್ತದೆ.

ಎರಡೂ ಉಪಯೋಗದ್ದೇ. ಅದಕ್ಕೆ ನನ್ನ ಹಲಗೆಯ ಒಂದು ಮುಖಕ್ಕೆ ರಬ್ಬರ್ ಇದೆ, ಇನ್ನೊಂದು ಮುಖ ನುಣುಪಾಗಿದೆ. ನಡುವೆ ಎರಡೂ ಬದಿಗೆ ಬೋಲ್ಟ್ ಇರುವುದರಿಂದ ಪೂರ್ತಿ ತಿರುಗಿಸಬಹುದು.

ಬೇಕಾದ್ದು ಇಷ್ಟು: 18 ಮಿ.ಮೀ. ಪ್ಲೈವುಡ್‌ನ 55 × 44 ಸೆಂ.ಮೀ. ಅಳತೆಯ ಎರಡು ತುಂಡು. ಎರಡನ್ನೂ ಮರದ ಅಂಟಿನಿಂದ ಒಂದರ ಮೇಲೊಂದು ಕೂರಿಸಿ, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಿ. 36 ಮಿ.ಮೀ. ದಪ್ಪದ, ಐದು ಕೆಜಿ ಆಸುಪಾಸಿನ ಹಲಗೆ ಆಗುತ್ತದೆ. ದಪ್ಪ ಯಾಕೆ ಬೇಕು ಅಂದರೆ, ತೆಳು ಪ್ಲೈವುಡ್ ಚೆಂಡು ತಾಗಿದಾಗ ನಡುಗುತ್ತದೆ, ಚೆಂಡಿನ ವೇಗವನ್ನು ತಿಂದುಬಿಡುತ್ತದೆ. ನಡುವೆ ತಾಗಿದ್ದು ಒಂದು ಥರ, ಅಂಚಿಗೆ ತಾಗಿದ್ದು ಇನ್ನೊಂದು ಥರ ವಾಪಸ್ ಬರುತ್ತದೆ.

44 ಸೆಂ.ಮೀ. ಇರುವ ಎರಡೂ ಬದಿಯ ಅಂಚಿನಲ್ಲಿ, ಸರಿಯಾಗಿ ನಡು ಎತ್ತರಕ್ಕೆ, ಎರಡು ಪ್ಲೈವುಡ್ ಕೂಡುವ ಗೆರೆಯ ಮೇಲೆ ತೂತು ಕೊರೆಯಿರಿ. ಒಂದು ತುದಿ ಮರದ ಸ್ಕ್ರೂ, ಇನ್ನೊಂದು ತುದಿ ಬೋಲ್ಟ್ ಇರುವ 8 ಮಿ.ಮೀ. ಮೊಳೆ ಸಿಗುತ್ತದೆ. ಅದನ್ನು ಎಪಾಕ್ಸಿ ಹಚ್ಚಿ ಒಳಗೆ ತಿರುಗಿಸಿ. ಎಪಾಕ್ಸಿ ಇಲ್ಲದಿದ್ದರೆ ಹಲಗೆಯನ್ನು ತಿರುಗಿಸುವಾಗ ಸ್ಕ್ರೂ ಸಡಿಲವಾಗುತ್ತದೆ.

ಪೀಠಕ್ಕೆ 75 × 30 ಸೆಂ.ಮೀ. ಪ್ಲೈವುಡ್. ಅದರ ಮೇಲೆ 57 ಸೆಂ.ಮೀ. ಅಂತರ ಬಿಟ್ಟು 5 × 5 ಸೆಂ.ಮೀ. ಮರದ ಎರಡು ಗೂಟ, 40 ಸೆಂ.ಮೀ. ಎತ್ತರದವು. ಗೂಟಗಳಲ್ಲಿ ಪೀಠದಿಂದ 24 ಸೆಂ.ಮೀ. ಮೇಲೆ ತೂತು. ಹಲಗೆಯ ಅರ್ಧ ಎತ್ತರ 22, ಹಾಗಾಗಿ ತಿರುಗಿಸುವಾಗ ಕೆಳಗೆ 2 ಸೆಂ.ಮೀ. ಜಾಗ ಉಳಿಯುತ್ತದೆ. ಬೋಲ್ಟ್ ತೂರಿಸಿ, ಹೊರಗಡೆಯಿಂದ ರಬ್ಬರ್ ವಾಷರ್ ಹಾಕಿ, ಕೈಯಲ್ಲೇ ತಿರುಗಿಸುವ ವಿಂಗ್ ನಟ್ ಬಿಗಿಯಿರಿ. ಒಂದು ಗೂಟದ ಒಳಮುಖದ ಮೇಲೆ ಕೋನಮಾಪಕ ಇಟ್ಟು 5 ಡಿಗ್ರಿಗೊಂದು ಗೆರೆ ಹಾಕಿ. ಈ ಗೆರೆಗಳು ಬೇಕೇ ಬೇಕು. ನಿನ್ನೆ ಎಷ್ಟು ಬಾಗಿಸಿದ್ದೆ ಅಂತ ಗೊತ್ತಿಲ್ಲದಿದ್ದರೆ ಇವತ್ತಿನ ಅಭ್ಯಾಸಕ್ಕೆ ಅಳತೆಯೇ ಇರುವುದಿಲ್ಲ. ಪೀಠದ ಅಡಿಗೆ ದಪ್ಪ ಬಟ್ಟೆ ಅಂಟಿಸಿ, ಮೇಲೆ ಎರಡು ಮರಳಿನ ಚೀಲ ಇಡಿ.

ಇನ್ನು ರಬ್ಬರ್. ಹೊಸದು ಬೇಡ. ಸವೆದು, ಅಂಟು ಕಳೆದುಕೊಂಡ ಹಳೇ ರಬ್ಬರ್ ಇಲ್ಲಿ ಇನ್ನೂ ಒಳ್ಳೆಯದು. ಹೊಸ ರಬ್ಬರ್ ಸಣ್ಣ ಸ್ಪಿನ್‌ಗೂ ಚೆಂಡನ್ನು ಛಾವಣಿಗೆ ಕಳಿಸುತ್ತದೆ. ಆಟಗಾರರು ರಬ್ಬರ್ ಬದಲಾಯಿಸಿದಾಗ ಹಳೆಯದನ್ನು ಎಸೆಯುತ್ತಾರೆ, ಕೇಳಿದರೆ ಖುಷಿಯಿಂದ ಕೊಡುತ್ತಾರೆ. ದುಂಡಗಿನ ಒಂದು ರಬ್ಬರ್‌ನಲ್ಲಿ 11 ಸೆಂ.ಮೀ. ಚೌಕ ಒಂದು ಸಿಗುತ್ತದೆ. ಅಡ್ಡಕ್ಕೆ 5, ಉದ್ದಕ್ಕೆ 4, ಒಟ್ಟು 20 ಚೌಕ. ಒಂದು ಬ್ಯಾಟ್‌ಗೆ ಎರಡು ರಬ್ಬರ್, ಹಾಗಾಗಿ ಹತ್ತು ಬ್ಯಾಟ್‌ನಷ್ಟು ಬೇಕು. ಹಲಗೆಯನ್ನು ನಾನು 55 × 44 ಮಾಡಿದ್ದೇ ಈ ಲೆಕ್ಕಕ್ಕೆ. ಒಂದೇ ಸಲ ಅಷ್ಟು ಸಿಗದಿದ್ದರೆ ನಡುವಿನಿಂದ ಶುರು ಮಾಡಿ, ಸಿಕ್ಕ ಹಾಗೆ ಅಂಚಿಗೆ ಹೋಗಿ.

ರಬ್ಬರ್‌ನ ಅಡಿಯಲ್ಲಿರುವ ಸ್ಪಾಂಜ್‌ನ ದಪ್ಪ ಗಮನಿಸಿ. ಒಂದು 1.8 ಮಿ.ಮೀ., ಪಕ್ಕದ್ದು 2.1 ಮಿ.ಮೀ. ಇದ್ದರೆ ನಡುವೆ ಮೆಟ್ಟಿಲು ಆಗುತ್ತದೆ, ಅಲ್ಲಿ ತಾಗಿದ ಚೆಂಡು ಎತ್ತಲೋ ಹೋಗುತ್ತದೆ. ದಪ್ಪವಾದವನ್ನೆಲ್ಲ ಒಂದು ಸಾಲಿನಲ್ಲಿ, ತೆಳ್ಳಗಿನವನ್ನೆಲ್ಲ ಇನ್ನೊಂದು ಸಾಲಿನಲ್ಲಿ ಹಾಕಿ. ಅಂಟಿಸಲು ಸೈಕಲ್ ಪಂಕ್ಚರ್‌ಗೆ ಹಾಕುವ ರಬ್ಬರ್ ಸೊಲ್ಯೂಷನ್ ಸಾಕು. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಜಾಸ್ತಿ ಹಚ್ಚಿದರೆ ಸ್ಪಾಂಜ್ ಊದಿಕೊಂಡು ರಬ್ಬರ್ ಸುರುಳಿ ಸುತ್ತುತ್ತದೆ. ಹಿಂದೆ ಆಟಗಾರರು ಬೇಕೆಂದೇ ಹೀಗೆ ಊದಿಸಿ ವೇಗ ಹೆಚ್ಚಿಸಿಕೊಳ್ಳುತ್ತಿದ್ದರು. ಆವಿ ಬಿಡುವ ಆ ಅಂಟುಗಳನ್ನು 2008ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ನಿಷೇಧಿಸಿದರು. ಹಲಗೆಗೆ ಆ ನಿಯಮ ಬರುವುದಿಲ್ಲ, ಆದರೆ ಆವಿ ಮಾತ್ರ ಅದೇ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ.

ಬಳಸುವುದು ಹೀಗೆ. ಹಲಗೆಯನ್ನು ಆಚೆ ತುದಿಯಲ್ಲಿಟ್ಟು, ರಬ್ಬರ್ ಮುಖವನ್ನು ನಿಮ್ಮ ಕಡೆಗೆ 15 ಡಿಗ್ರಿ ಬಾಗಿಸಿ, ಸಾಧಾರಣ ಫೋರ್‌ಹ್ಯಾಂಡ್ ಡ್ರೈವ್ (ಅಂಗೈ ಮುಂದಾಗಿ ಬೀಸುವ ಹೊಡೆತ) ಹೊಡೆಯಿರಿ. ವಾಪಸ್ ಬರುವ ಚೆಂಡು ತುಂಬ ಎತ್ತರ ಬಂದರೆ ಇನ್ನೈದು ಡಿಗ್ರಿ ಬಾಗಿಸಿ. ನೆಟ್‌ಗೆ ಬಿದ್ದರೆ ಸ್ವಲ್ಪ ನೆಟ್ಟಗೆ ಮಾಡಿ. ಒಂದು ಸಲ ಹದ ಸಿಕ್ಕಿತು ಅಂದರೆ ಆಮೇಲೆ ಮುಟ್ಟಬೇಡಿ. ಇದರ ನಿಜವಾದ ಪ್ರಯೋಜನ ಈಗ ಶುರುವಾಗುತ್ತದೆ. ಹಲಗೆ ಬದಲಾಗುವುದಿಲ್ಲ. ಹಾಗಾಗಿ ಒಂದು ಚೆಂಡು ಎತ್ತರ, ಇನ್ನೊಂದು ತಗ್ಗು ಬಂದರೆ ಬದಲಾಗಿದ್ದು ನಿಮ್ಮ ಸ್ಪಿನ್ನೇ. ಚೆಂಡು ಮೆಲ್ಲಮೆಲ್ಲಗೆ ಎತ್ತರವಾಗುತ್ತಾ ಹೋದರೆ ಸವರುವುದು ಹೆಚ್ಚಾಗುತ್ತಿದೆ. ಒಮ್ಮೆಲೇ ನೆಟ್‌ಗೆ ಬಿದ್ದರೆ ಆ ಹೊಡೆತ ಚಪ್ಪಟೆಯಾಗಿತ್ತು. ಯಾರೂ ಹೇಳಬೇಕಿಲ್ಲ.

ಪುಶ್ ಅಭ್ಯಾಸಕ್ಕೆ ಹಲಗೆಯನ್ನು ಹಿಂದಕ್ಕೆ 30 ಡಿಗ್ರಿ ಒರಗಿಸಿ ಶುರು ಮಾಡಿ. ನುಣುಪು ಮುಖಕ್ಕೆ ತಿರುಗಿಸಿದರೆ ಇನ್ನೊಂದು ಒಳ್ಳೆಯ ವರಸೆ ಸಿಗುತ್ತದೆ. ಟಾಪ್‌ಸ್ಪಿನ್ ಹೊಡೆದರೆ ಬ್ಯಾಕ್‌ಸ್ಪಿನ್ ಬರುತ್ತದೆ, ಅದನ್ನು ಪುಶ್ ಮಾಡಿದರೆ ಮುಂದಿನದಕ್ಕೆ ಟಾಪ್‌ಸ್ಪಿನ್. ಒಂದು ಲೂಪ್, ಒಂದು ಪುಶ್, ಮತ್ತೆ ಲೂಪ್. ಬೆವರು ಇಳಿಯುತ್ತದೆ.

ಹಲಗೆಯನ್ನು ನೆಟ್ ಹತ್ತಿರಕ್ಕೆ ತಂದಷ್ಟೂ ಚೆಂಡು ಬೇಗ ವಾಪಸ್ ಬರುತ್ತದೆ. ಆ ಆಸೆಗೆ ಬೀಳಬೇಡಿ. ಕಾಲು ಹೊಂದುವ ಮುಂಚೆ ಕೈ ಓಡಿದರೆ ಚೆಂಡನ್ನು ಬರೀ ತಡೆಯುವ ಅಭ್ಯಾಸ ಬೀಳುತ್ತದೆ.

ರಬ್ಬರ್ ಮೇಲಿನ ಧೂಳನ್ನು ಒದ್ದೆ ಸ್ಪಾಂಜ್‌ನಿಂದ ಒರೆಸುತ್ತಿರಿ. ಧೂಳು ಕೂತರೆ ಹಿಡಿತ ಹೋಗುತ್ತದೆ, ಗೆರೆ ಹಾಕಿದ ಡಿಗ್ರಿಗಳ ಲೆಕ್ಕವೆಲ್ಲ ತಪ್ಪುತ್ತದೆ.

ಚೆಂಡು ಬೀಳಿಸುವ ಪೈಪ್

ಹಲಗೆಯ ಜೊತೆ ಆಡುವಾಗ ಒಂದು ಕೊರತೆ ಇದೆ. ಜೋರಾಗಿ ಹೊಡೆದರೆ ಅಷ್ಟೇ ಜೋರಾಗಿ ವಾಪಸ್ ಬರುತ್ತದೆ, ಪೂರ್ತಿ ಬಲದ ಲೂಪ್ ಹೊಡೆದು ಮುಂದಿನದಕ್ಕೆ ಸಿದ್ಧವಾಗಲು ಸಮಯ ಸಿಗುವುದಿಲ್ಲ. ಅದಕ್ಕೆ ಈ ಪೈಪ್.

50 ಮಿ.ಮೀ. ಪಿವಿಸಿ ಪೈಪ್ ಒಂದೂವರೆ ಮೀಟರ್. ಕೊಳ್ಳುವಾಗ ಜೇಬಿನಲ್ಲಿ ಒಂದು ಚೆಂಡು ಒಯ್ದು ಒಳಗೆ ಬಿಟ್ಟು ನೋಡಿ, ಸಲೀಸಾಗಿ ಉರುಳಬೇಕು. ದಪ್ಪ ಗೋಡೆಯ ಪೈಪ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಯಿಯ ಕಡೆ 40 ಸೆಂ.ಮೀ. ಖಾಲಿ ಬಿಟ್ಟರೂ ಸುಮಾರು 27 ಚೆಂಡು ಸಾಲಾಗಿ ಹಿಡಿಯುತ್ತವೆ. ಒಂದು ತುದಿಯನ್ನು ಎತ್ತರಿಸಿ, 10 ಡಿಗ್ರಿಯಷ್ಟು ಇಳಿಜಾರು ಕೊಟ್ಟು, ಪಕ್ಕದಲ್ಲಿ ನಿಲ್ಲಿಸಿದ ಎರಡು ಕಂಬಗಳಿಗೆ ಕಟ್ಟಿ. ಪೈಪ್‌ನ ಬಾಯಿ ಟೇಬಲ್‌ನಿಂದ 40 ಸೆಂ.ಮೀ. ಎತ್ತರದಲ್ಲಿರಲಿ. 30ಕ್ಕೆ 23ರ ಲೆಕ್ಕದಲ್ಲಿ ಚೆಂಡು ಸುಮಾರು 30 ಸೆಂ.ಮೀ. ಪುಟಿಯುತ್ತದೆ, ಲೂಪ್‌ಗೆ ಒಳ್ಳೆಯ ಎತ್ತರ.

ಒಂದು ಸಲಕ್ಕೆ ಒಂದೇ ಚೆಂಡು ಬರುವ ಹಾಗೆ ಮಾಡುವುದೇ ಇಲ್ಲಿನ ಜಾಣತನದ ಭಾಗ. ಬಾಯಿಂದ 40 ಸೆಂ.ಮೀ. ಹಿಂದೆ, ಪೈಪ್‌ನ ಮೇಲ್ಭಾಗದಲ್ಲಿ ಎರಡು ಸೀಳು ಕೊರೆಯಿರಿ. ಎರಡರ ನಡುವಿನ ಅಂತರ ಚೆಂಡೊಂದರ ಅಗಲ, 40 ಮಿ.ಮೀ. ಮೇಲೆ ಒಂದು ಮರದ ಪಟ್ಟಿಯನ್ನು ನಡುವೆ ಮೊಳೆ ಹೊಡೆದು ಏತದ ಹಾಗೆ ಏರಿಳಿಯುವಂತೆ ಕೂರಿಸಿ, ಅದರ ಎರಡು ತುದಿಗೆ ಒಂದೊಂದು ಕಡ್ಡಿ. ಮುಂದಿನ ಕಡ್ಡಿ ಸದಾ ಕೆಳಗಿದ್ದು ಮೊದಲ ಚೆಂಡನ್ನು ತಡೆದಿರುತ್ತದೆ. ಹಿಂದಿನ ಕಡ್ಡಿ ಮೇಲಿರುತ್ತದೆ. ಪಟ್ಟಿಗೆ ಕಟ್ಟಿದ ದಾರವನ್ನು ಕಾಲಿನಿಂದ ಒತ್ತಿ ಎಳೆದರೆ ಮುಂದಿನ ಕಡ್ಡಿ ಮೇಲೇಳುತ್ತದೆ. ಅದೇ ಹೊತ್ತಿಗೆ ಹಿಂದಿನ ಕಡ್ಡಿ ಮೊದಲ ಮತ್ತು ಎರಡನೆಯ ಚೆಂಡಿನ ನಡುವೆ ಇಳಿದು ಎರಡನೆಯದನ್ನು ಹಿಡಿಯುತ್ತದೆ. ಮೊದಲನೆಯದು ಮಾತ್ರ ಹೊರಗೆ ಹೋಗುತ್ತದೆ. ದಾರ ಬಿಟ್ಟರೆ ರಬ್ಬರ್ ಬ್ಯಾಂಡ್ ಎಲ್ಲವನ್ನೂ ಮೊದಲಿನ ಜಾಗಕ್ಕೆ ತರುತ್ತದೆ.

ಕಾಲಿನ ಬದಲು ಮೋಟಾರ್ ಬೇಕೆಂದರೆ 12 ವೋಲ್ಟ್‌ನ ಗೇರ್ ಮೋಟಾರ್ ತೆಗೆದುಕೊಂಡು, ಅದರ ಚಕ್ರದ ಅಂಚಿಗೆ ಈ ದಾರ ಕಟ್ಟಿ. ನಿಮಿಷಕ್ಕೆ 20 ಸುತ್ತಿನ ಮೋಟಾರ್ ಆದರೆ ಮೂರು ಸೆಕೆಂಡಿಗೊಂದು ಚೆಂಡು, 30 ಸುತ್ತಿನದಾದರೆ ಎರಡು ಸೆಕೆಂಡಿಗೊಂದು. ಮೂರು ಸೆಕೆಂಡಿನದೇ ಸಾಕು. ಹೊಡೆದು, ಕಾಲು ಸರಿಮಾಡಿಕೊಂಡು, ಮತ್ತೆ ಬಾಗಲು ಅಷ್ಟು ಹೊತ್ತು ಬೇಕು.

ಜಾಗ ನೋಡಿ ನಿಲ್ಲಿಸಿ. ಬಾಯಿಂದ ಹೊರಬಿದ್ದ ಚೆಂಡು ಪುಟಿದು ಎರಡು ಗೇಣು ಮುಂದೆ ನಿಮ್ಮ ಕೈಗೆ ಸಿಗುತ್ತದೆ. ಬಲಗೈಯವರಾದರೆ ಪೈಪ್ ಎಡಗಡೆಯಿಂದ, ನೆಟ್ ಕಡೆಯಿಂದ ಓರೆಯಾಗಿ ಬರಲಿ, ನೀವು ಬಲಮೂಲೆಯಿಂದ ನೇರಕ್ಕೆ ಹೊಡೆಯಿರಿ. ಬ್ಯಾಟ್ ಬೀಸುವ ದಾರಿಯಲ್ಲೂ ಚೆಂಡು ಹೋಗುವ ದಾರಿಯಲ್ಲೂ ಪೈಪ್ ಇರಬಾರದು. ಚೆಂಡಿಲ್ಲದೆ ಒಮ್ಮೆ ನಿಧಾನಕ್ಕೆ ಕೈ ಬೀಸಿ ನೋಡಿ, ಬಾಯಿಗೆ ಸ್ಪಾಂಜ್ ಸುತ್ತಿ. ಬಿದ್ದ ಚೆಂಡಿಗೆ ಹೆಚ್ಚು ಸ್ಪಿನ್ ಇರುವುದಿಲ್ಲ, ವೇಗವೂ ಕಡಿಮೆ. ಸಮಯಕ್ಕೆ ಸರಿಯಾಗಿ ಹೊಡೆಯುವುದನ್ನು ಇದು ಕಲಿಸುವುದಿಲ್ಲ. ಸೊಂಟದಿಂದ ಬಲ ತರುವುದನ್ನು ಕಲಿಸುತ್ತದೆ.

ಕೊನೆಗೆ, ಚಕ್ರದ ಯಂತ್ರ

ಇಷ್ಟೆಲ್ಲ ಆದ ಮೇಲೂ ಸ್ಪಿನ್ ಇರುವ ಚೆಂಡು ಬೇಕು ಅನ್ನಿಸಿದರೆ ಪೈಪ್‌ನ ಬಾಯಿಗೆ ಎರಡು ಚಕ್ರ ಸೇರಿಸಿ. ಒಂದು ಮೇಲೆ, ಒಂದು ಕೆಳಗೆ, ಎರಡೂ ಒಂದಕ್ಕೊಂದು ಉಲ್ಟಾ ದಿಕ್ಕಿಗೆ ತಿರುಗಬೇಕು. ಚಕ್ರದ ವ್ಯಾಸ 60 ಮಿ.ಮೀ., ಅಂಚಿಗೆ ಮೆತ್ತನೆಯ ರಬ್ಬರ್ ಅಥವಾ ಫೋಮ್. ನಡುವಿನ ಸಂದು 36 ಅಥವಾ 37 ಮಿ.ಮೀ., ಅಂದರೆ ಚೆಂಡು ಸ್ವಲ್ಪ ಒತ್ತಿಕೊಂಡೇ ತೂರಬೇಕು. ಬೋಲ್ಟ್ ಹಾಕುವ ತೂತನ್ನು ಉದ್ದ ಸೀಳಾಗಿ ಕೊರೆದರೆ ಸಂದನ್ನು ಆಮೇಲೂ ಹೊಂದಿಸಬಹುದು.

ಎರಡೂ ಮೋಟಾರ್‌ಗೆ ಬೇರೆಬೇರೆ ವೇಗ ನಿಯಂತ್ರಕ ಬೇಕು, ಸ್ಪಿನ್ ಹುಟ್ಟುವುದೇ ಆ ವ್ಯತ್ಯಾಸದಲ್ಲಿ. 60 ಮಿ.ಮೀ. ಚಕ್ರ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 6.3 ಮೀಟರ್. ಮೇಲಿನದು 2000, ಕೆಳಗಿನದು 1000 ಇಟ್ಟರೆ ಚೆಂಡು ಇವೆರಡರ ನಡುವಿನ ವೇಗದಲ್ಲಿ, ಸೆಕೆಂಡಿಗೆ 4.7 ಮೀಟರ್ ಆಸುಪಾಸಿನಲ್ಲಿ ಹೊರಟು, ಸೆಕೆಂಡಿಗೆ ಹನ್ನೆರಡು ಸುತ್ತಿನಷ್ಟು ಟಾಪ್‌ಸ್ಪಿನ್ ಪಡೆಯುತ್ತದೆ. ಇದು ಚೆಂಡು ಜಾರದಿದ್ದರೆ ಸಿಗುವ ಲೆಕ್ಕ, ನಿಜದಲ್ಲಿ ಸ್ವಲ್ಪ ಕಡಿಮೆ. ಕೆಳಗಿನದನ್ನು ಹೆಚ್ಚಿಸಿದರೆ ಬ್ಯಾಕ್‌ಸ್ಪಿನ್. ಎರಡೂ ಒಂದೇ ಇದ್ದರೆ ಸ್ಪಿನ್ ಇಲ್ಲದ ಚೆಂಡು.

ಚಕ್ರಗಳಿಗೆ ಮುಚ್ಚಳ ಇರಲೇಬೇಕು, ಚೆಂಡು ಬರುವ ಮತ್ತು ಹೋಗುವ ಎರಡು ತೂತು ಬಿಟ್ಟು ಬೇರೆಲ್ಲೂ ಬೆರಳು ತೂರಬಾರದು. ಮಕ್ಕಳಿರುವ ಮನೆಯಾದರೆ ಮುಚ್ಚಳ ಸಿದ್ಧವಾಗುವವರೆಗೆ ಮೋಟಾರ್‌ಗೆ ವಿದ್ಯುತ್ ಕೊಡಲೇಬೇಡಿ. ಸಿಕ್ಕಿಕೊಂಡ ಚೆಂಡು ತೆಗೆಯುವ ಮುಂಚೆ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆರಿಸಿದರೆ ಸಾಲದು.

ಹೊಸ ಚೆಂಡುಗಳ ಮೇಲೆ ತೆಳುವಾಗಿ ಬಿಳಿ ಪುಡಿ ಇರುತ್ತದೆ. ಅದು ಚಕ್ರದ ರಬ್ಬರ್‌ಗೆ ಮೆತ್ತಿಕೊಂಡರೆ ಚೆಂಡು ಜಾರಿ, ಒಂದು ಟೇಬಲ್ ಮೇಲೆ ಬಿದ್ದರೆ ಇನ್ನೊಂದು ನೆಟ್‌ಗೇ ಬೀಳುತ್ತದೆ. ಯಂತ್ರಕ್ಕೆ ಹಾಕುವ ಮುಂಚೆ ಚೆಂಡುಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಲು ಬಿಡಿ. ಚಕ್ರದ ಅಂಚನ್ನೂ ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ. ಇದನ್ನು ಮಾಡಿದ ಮೇಲೂ ಚೆಂಡು ಅಡ್ಡಾದಿಡ್ಡಿ ಬರುತ್ತಿದ್ದರೆ ಮೋಟಾರ್‌ಗಳನ್ನು ಮುಟ್ಟುವ ಮೊದಲು ಚಕ್ರದ ನಡುವಿನ ಸಂದನ್ನು ಅಳೆಯಿರಿ. ಫೋಮ್ ಸವೆದಿರುತ್ತದೆ. ಒಂದು ಮಿಲಿಮೀಟರ್ ಹತ್ತಿರ ತಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ.